ಅಕ್ಕ ಅತ್ತ ಎಪಿಸೋಡು

ನನ್ನ ಇಯರ್‌ಫೋನಿನಲ್ಲಿ ಬಲಗಡೆಯದು ಮಾತ್ರ ಮಾತಾಡುತ್ತದೆ. ಎಡಗಡೆಯದು ಯಾವತ್ತೋ ಕೈಕೊಟ್ಟಿತು. "ಹೊಸದು ತಗಳ್ರಿ, ನೋಡಿದೋರು ಏನಂತಾರೆ" ಎಂದು ನನ್ನ ಹೆಂಡತಿ ಶಾರದ ದಿನಾ ಹೇಳುತ್ತಾಳೆ. ನನಗೇನೋ ಇದೇ ಅನುಕೂಲ. ಬಲಗಿವಿಯಲ್ಲಿ ಮಗಳ ಪಾಡ್‌ಕಾಸ್ಟು, ಎಡಗಿವಿಯಲ್ಲಿ ಹೆಂಡತಿಯ ಮಾತು. ಎರಡೂ ಅರ್ಧರ್ಧ ಅರ್ಥವಾಗುತ್ತವೆ. ಎರಡು ಅರ್ಧ ಸೇರಿದರೆ ಒಂದು ಪೂರ್ತಿ ಆಗಬೇಕಲ್ಲವೇ ಎಂದು ನೀವು ಕೇಳಬಹುದು. ಆಗುವುದಿಲ್ಲ ಸ್ವಾಮಿ, ನಾನು ನೋಡಿದ್ದೇನೆ.

ಪಾಡ್‌ಕಾಸ್ಟ್ ಎಂದರೆ ರೇಡಿಯೋ ತರಹ, ಆದರೆ ರೇಡಿಯೋ ಅಲ್ಲ. ಇದನ್ನು ಮಗಳು ವೀಣಾ ನನಗೆ ಬಹಳ ಸಲ ಬಿಡಿಸಿ ಹೇಳಿದ್ದಾಳೆ. ಅವಳು ಇಲ್ಲೇ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ರಜೆ ಬಂತೆಂದರೆ ಅವಳೂ ಅವಳ ಸ್ನೇಹಿತೆಯರೂ ಸೇರಿ ನಮ್ಮ ಮನೆಯ ಉಗ್ರಾಣಕ್ಕೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾರೆ. ರಾಗಿ ಮೂಟೆಗಳಿದ್ದ ಕೋಣೆ ಅದು. ಈಗ ಮೂಟೆಗಳು ನನ್ನ ಮಂಚದ ಕೆಳಗೆ ಬಂದಿವೆ. ನಮ್ಮಪ್ಪನ ಕಾಲದ ಕಂಬಳಿಗಳು ಅಲ್ಲಿ ಗೋಡೆ ಹತ್ತಿವೆ. ಗೋಡೆಗೆ ಕಂಬಳಿ ಹೊದಿಸಿದರೆ ದನಿ ಒಡೆಯುವುದಿಲ್ಲವಂತೆ. ಅಲ್ಲಿಗೆ ಹೊಸದುರ್ಗದಿಂದ ಒಬ್ಬ ಹುಡುಗ ಬಂದು ಪದ್ಯ ಓದುತ್ತಾನೆ. ಓದುತ್ತಾನೆ ಅಂದರೆ ಓದುವುದೂ ಇಲ್ಲ, ಹಾಡುವುದೂ ಇಲ್ಲ. ಯಾರ ಮೇಲೋ ಜಗಳಕ್ಕೆ ಹೋದವನ ಹಾಗೆ ಒಂದೇ ಉಸಿರಿಗೆ ಹೇಳುತ್ತಾನೆ. ಮೊದಲ ದಿನ ನಾನು ಒಳಗೆ ನಿಜವಾಗಿಯೂ ಜಗಳ ಹತ್ತಿಕೊಂಡಿತೆಂದು ಬಾಗಿಲು ಬಡಿದಿದ್ದೆ. ಹೊಳಲ್ಕೆರೆಯ ಒಬ್ಬ ಹುಡುಗಿ ಸ್ಟೀಲ್ ತಟ್ಟೆ, ಬಿಂದಿಗೆ, ಸೈಕಲ್ ಚಕ್ರ ಎಲ್ಲ ತಂದು ಬಾರಿಸುತ್ತಾಳೆ. ಹಿರಿಯೂರಿನಲ್ಲಿ ಕೇರಿಯವರನ್ನೆಲ್ಲ ಸೇರಿಸಿಕೊಂಡು ಗೋಡೆಗಳಿಗೆ ಚಿತ್ರ ಬರೆಯುವ ತಂಡವೊಂದು ಬಂದಿತ್ತು. ಗೋಡೆಯ ಮೇಲಿನ ಚಿತ್ರವನ್ನು ಕಿವಿಗೆ ಹೇಗೆ ತೋರಿಸುತ್ತಾರೆಂದು ನಾನು ಕೇಳಲಿಲ್ಲ. ಕೇಳಿದರೆ ವಿವರಿಸುತ್ತಾರೆ, ಅದೇ ಭಯ.

ಮಗಳಿಗೆ ವೀಣಾ ಎಂದು ಹೆಸರಿಟ್ಟವನು ನಾನೇ. ಮುಂದೆ ವೀಣೆ ಕಲಿಯಲಿ ಎಂಬ ಆಸೆಯಿತ್ತು. ಒಂದು ದಿನ ಅವಳು ಕಳಿಸಿದ ಎಪಿಸೋಡನ್ನು ಜಗಲಿಯ ಮೇಲೆ ಕೂತು ಶ್ರದ್ಧೆಯಿಂದ ಕೇಳಿದೆ. ಗುಂಯ್ ಎಂದು ಒಂದು ಶಬ್ದ. ನಿಲ್ಲುತ್ತದೆ, ಮತ್ತೆ ಗುಂಯ್. ಹಾಡು ಈಗ ಶುರುವಾದೀತು, ಆಗ ಶುರುವಾದೀತು ಎಂದು ಕಾದೆ. ಗುಂಯ್‌ಗುಟ್ಟಿಕೊಂಡೇ ಮುಗಿದುಹೋಯಿತು. ಅವಳಿಗೆ ಫೋನ್ ಮಾಡಿ, "ನಿನ್ನ ಪಾಡ್‌ಕಾಸ್ಟ್ ಕೆಟ್ಟೋಗೈತೆ ಕಣಮ್ಮ, ಬರೀ ಗುಂಯ್ ಅಂತೈತೆ" ಅಂದೆ.

"ಅಪ್ಪ, ಅದು ಜೋಗಿಮಟ್ಟಿ ಗುಡ್ಡದ ಕಡೆ ಗಾಳಿಯಂತ್ರದ್ದು. ಅದೇ ಸಂಗೀತ. ಇನ್ನೊಂದ್ ಸಲ ಮನಸಿಟ್ಟು ಕೇಳಿ."

ಮರುದಿನ ಮನಸ್ಸಿಟ್ಟು ಕೇಳಿದೆ. ಈ ಸಲ ಕೊನೆಯ ಹೊತ್ತಿಗೆ ಗರ್ರ್ ಎಂದು ಒಂದು ಶಬ್ದ ಎದ್ದು, ಏರಿ, ತಟ್ಟನೆ ನಿಂತಿತು. ನನ್ನ ಮೈ ಜುಮ್ಮೆಂದಿತು. ಹೊಸ ಸಂಗೀತ ನನಗೂ ಒಲಿಯಿತು ಅಂದುಕೊಂಡೆ. ಸಂಜೆ ಅವಳು ಬಂದಾಗ, "ಆ ಕಡೇಲಿ ಗರ್ರ್ ಅಂತ ಏರುತ್ತಲ್ಲ, ಅದು ಬಾಳ ಚೆನ್ನಾಗೈತೆ" ಅಂದೆ. ಅವಳು ಹುಬ್ಬು ಗಂಟಿಕ್ಕಿದಳು. "ಅಂಥದ್ದೇನೂ ಇಲ್ವಲ್ಲಪ್ಪ." ಅಡುಗೆಮನೆಯಿಂದ ಶಾರದ, "ಅದು ನನ್ ಮಿಕ್ಸಿ ಕಣ್ರಿ, ಚಟ್ನಿ ರುಬ್ತಿದ್ದೆ" ಅಂದಳು. ನಾನು ನಕ್ಕುಬಿಡಬಹುದಿತ್ತು. ಆದರೆ ವೀಣಾ ನಗಲಿಲ್ಲ. "ಮಿಕ್ಸಿನೂ ಸಂಗೀತಾನೇ ಅಪ್ಪ" ಎಂದು ಹೇಳಿ ಮರುದಿನ ಅದನ್ನೂ ರೆಕಾರ್ಡ್ ಮಾಡಿಕೊಂಡಳು. ಆ ಮಾತಿನಲ್ಲಿ ನಾನು ಗೆದ್ದೆನೋ ಸೋತೆನೋ ಇವತ್ತಿಗೂ ತಿಳಿದಿಲ್ಲ.

ನನಗೂ ಒಂದು ಕಾಲವಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು ನಾನು. ಗಾಜಿನ ಗೂಡಿನಲ್ಲಿ ಕೂತು, "ಹೊಳಲ್ಕೆರೆ ಮಾರ್ಗವಾಗಿ ಹೊಸದುರ್ಗಕ್ಕೆ ತೆರಳುವ ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಎಳೆದೆನೆಂದರೆ ಕಡಲೆಕಾಯಿ ಮಾರುವವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಹಾಗೆಂದು ನನ್ನ ನೆನಪು. ಶಾರದಳ ನೆನಪು ಬೇರೆ ಇದೆ. ಅಂತೂ, ಮಿಕ್ಸಿಗೇ ಜಾಗ ಕೊಟ್ಟ ಮಗಳು ಒಂದು ದಿನ ಅಪ್ಪನನ್ನೂ ಕಂಬಳಿಕೋಣೆಗೆ ಕರೆದಾಳೆಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಬೆಳಿಗ್ಗೆ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುವುದನ್ನೂ ರೂಢಿ ಮಾಡಿಕೊಂಡೆ.

ಆ ದಿನ ಬಂದೇ ಬಂತು. "ಅಪ್ಪ, ಒಂದು ದನಿ ಬೇಕಿತ್ತು. ಈ ಕಡೇ ದನಿ, ಹಳೇದು, ನಯ ನಾಜೂಕು ಇಲ್ದೇ ಇರೋದು" ಅಂದಳು. ನಾನು ಗಂಟಲು ಸರಿಮಾಡಿಕೊಂಡು ಕುರ್ಚಿ ಮುಂದಕ್ಕೆಳೆದೆ. "ಹರಿಯಬ್ಬೆ ಅತ್ತೆ ಹಾಡಾಡ್ಕಂಡು ಅಳ್ತಾರಲ್ಲ, ಅದನ್ನ ರೆಕಾರ್ಡ್ ಮಾಡಾಕೆ ಬಿಡ್ತಾರಾ? ನೀವೊಂದು ಮಾತು ಕೇಳ್ರಿ" ಅಂದಳು. ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿದೆ.

ಹರಿಯಬ್ಬೆ ಅತ್ತೆ ಎಂದರೆ ನನ್ನ ಅಕ್ಕ ಸಿದ್ದಮ್ಮ. ನನಗಿಂತ ಬಹಳ ದೊಡ್ಡವಳು. ನಾನು ಅಂಬೆಗಾಲಿಡುವಾಗಲೇ ಅವಳು ಬಾವಿಯಿಂದ ನೀರು ಹೊರುತ್ತಿದ್ದಳಂತೆ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಗೆ ಅವಳನ್ನು ಕೊಟ್ಟರು. ಈಗ ಮಗ ಸೊಸೆ ಮೊಮ್ಮಕ್ಕಳ ನಡುವೆ ಮನೆಯೆಲ್ಲ ತನ್ನ ಬಾಯಲ್ಲೇ ನಡೆಸಿಕೊಂಡಿದ್ದಾಳೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡಾಡಿಕೊಂಡು ಅಳುತ್ತಾರೆ. ಸತ್ತವರ ಎದುರು ಕೂತು, ಅವರು ಉಂಡದ್ದು, ಉಟ್ಟದ್ದು, ನಡೆದದ್ದು, ಮುನಿದದ್ದು ಎಲ್ಲವನ್ನೂ ರಾಗವಾಗಿ ಅವರಿಗೇ ಹೇಳುತ್ತಾರೆ. ಅದನ್ನು ಯಾರೂ ಬರೆದಿಡುವುದಿಲ್ಲ, ಕಲಿಸುವುದಿಲ್ಲ. ಆ ಸುತ್ತಿನ ಊರುಗಳಲ್ಲಿ ಅಕ್ಕನ ಅಳುವಿಗೆ ದೊಡ್ಡ ಹೆಸರು. ಹೆಣ ಎತ್ತುವ ಮುಂಚೆ "ಸಿದ್ದಮ್ಮ ಬಂದ್ಲಾ?" ಎಂದು ಕೇಳುತ್ತಿದ್ದರು. ಜೀವಮಾನದಲ್ಲಿ ಯಾರಿಗೂ ಒಂದು ಲೋಟ ಮಜ್ಜಿಗೆ ಕೊಡದ ಜಿಪುಣನೊಬ್ಬ ಸತ್ತಾಗಲೂ ಅಕ್ಕ ಅತ್ತ ರೀತಿಗೆ, ಅವನ ವೈರಿಗಳೆಲ್ಲ "ಎಂಥಾ ಮನುಷ್ಯ ಹೋಗ್ಬಿಟ್ಟ" ಎಂದು ಕಣ್ಣೊರೆಸಿಕೊಂಡಿದ್ದರು.

ಬೇಸಿಗೆ ರಜೆಗೆ ನಾನು ಅವಳ ಮನೆಗೆ ಹೋಗುತ್ತಿದ್ದೆ. ಎಲ್ಲಾದರೂ ಸಾವಾದರೆ ನನ್ನನ್ನು ಬಿಟ್ಟುಹೋಗಲು ಜಾಗವಿಲ್ಲದೆ ಜೊತೆಗೇ ಕರೆದುಕೊಂಡು ಹೋಗುತ್ತಿದ್ದಳು. ಅವಳ ಸೆರಗಿನ ತುದಿ ಹಿಡಿದು, ಅವಳು ಅಳುವಾಗ ನಾನೂ ಅಳುತ್ತಿದ್ದೆ, ಯಾರು ಸತ್ತಿದ್ದಾರೆಂದು ಗೊತ್ತಿಲ್ಲದೆ. ವಾಪಸ್ಸು ಬಂದು ತಲೆಗೆ ನೀರು ಹಾಕಿಕೊಂಡಳೆಂದರೆ ಮುಗಿಯಿತು. ಬಿಸಿ ಮುದ್ದೆ ಮುರಿಯುತ್ತಾ, ಅಲ್ಲಿ ಬಂದಿದ್ದವರನ್ನು ಅಣಕಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ತಲೆಕೆಟ್ಟು ಒಮ್ಮೆ ಕೇಳಿದ್ದೆ: "ಅಕ್ಕ, ನೀನು ಅತ್ತಿದ್ದು ಸುಳ್ಳಾ?"

"ಸುಳ್ಳ್ಯಾಕೋ? ಅಳೋವಾಗ ಅದು ನಿಜ. ಈಗ ಹಸಿವು ನಿಜ. ಉಣ್ಣು."

ನನ್ನ ಗೊಂದಲಗಳೆಲ್ಲ ಆ ಮುದ್ದೆಯ ತಟ್ಟೆಯಿಂದ ಶುರುವಾದವು ಎಂದು ನನ್ನ ಗುಮಾನಿ.

ಇರಲಿ. ನಾನೂ ವೀಣಾಳೂ ಹರಿಯಬ್ಬೆಗೆ ಹೋದೆವು. ವಿಷಯ ಕೇಳಿ ಅಕ್ಕ ಸೊಂಟಕ್ಕೆ ಕೈಯಿಟ್ಟಳು.

"ಸುಮ್‌ಸುಮ್ನೆ ಅಳಾಕೆ ನಾನೇನು ನಾಟಕದ ಕಂಪನೀಲಿದೀನೇನೇ? ಅಳಬೇಕಂದ್ರೆ ಒಬ್ರು ಸತ್ತಿರಬೇಕು."

"ಯಾರೋ ಸತ್ತವ್ರೆ ಅಂದ್ಕಳ್ರಿ ಅತ್ತೆ" ಅಂದಳು ವೀಣಾ.

"ಯಾರೋ ಅಂದ್ರೆ ಬಾಯಿಗೆ ಮಾತು ಬರಲ್ಲಮ್ಮ. ಗೊತ್ತಿರೋರು ಬೇಕು."

"ಹಂಗಾದ್ರೆ ಮುಂಚೆ ಹೋಗಿರೋರು ಯಾರಾದ್ರೂ? ಮಾವ?"

"ಅವರಿಗೆಲ್ಲ ಅತ್ತಾಗೈತೆ. ಒಬ್ರಿಗೆ ಎರಡು ಸಲ ಅಳಬಾರದು, ಹೋದೋರಿಗೆ ಕಾಲು ತೊಡರುತ್ತೆ."

ವೀಣಾಳ ಮುಖ ಚಿಕ್ಕದಾಯಿತು. ಅಕ್ಕ ಅವಳ ಕೈಯಲ್ಲಿದ್ದ ರೆಕಾರ್ಡರನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇಬ್ಬರೂ ಅದರ ಬಗ್ಗೆ ಏನೇನೋ ಮಾತಾಡಿಕೊಂಡರು. ನಾನು ಅಷ್ಟರಲ್ಲಿ ಹಿತ್ತಲಿಗೆ ಹೋಗಿದ್ದೆ. ಬರುವ ಹೊತ್ತಿಗೆ ಅಕ್ಕ ಚಪ್ಪಲಿ ಮೆಟ್ಟಿ ನಿಂತಿದ್ದಳು. "ನಡಿ, ಹುಣಸೆ ತೋಪಿಗೆ ಹೋಗಾಣ. ಮನೆ ಒಳಗೆ ಬ್ಯಾಡ" ಎಂದಳು. ನಾನೂ ಚಪ್ಪಲಿ ಹುಡುಕಿದೆ. "ನೀನು ಬರಬ್ಯಾಡ ಕಣೋ."

"ಯಾಕಕ್ಕ?"

"ಬ್ಯಾಡ ಅಂದ್ರೆ ಬ್ಯಾಡ. ಟೀ ಕುಡ್ಕಂಡು ಕುಂತಿರು ಹೋಗು."

ಟೀ ಕುಡಿದು ಕೂತೆ. ಅವರು ಬಂದ ಮೇಲೆ ಇನ್ನೊಂದು ಪ್ರಕರಣ. ಅತ್ತವಳೂ ಕೇಳಿದವಳೂ ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ವೀಣಾ ಹಿತ್ತಲ ಕಡೆಯಿಂದ ಹೋಗಿ ಸ್ನಾನ ಮಾಡಿದಳು. ಆಮೇಲೆ ಅಕ್ಕ ಕೈಯಲ್ಲಿ ಚೊಂಬು ಹಿಡಿದು ರೆಕಾರ್ಡರಿನ ಹತ್ತಿರ ಬಂದಳು. "ಅದೂ ಕೇಳಿಸ್ಕಂಡೈತಲ್ಲ!" ವೀಣಾ ಕಿರುಚಿಕೊಂಡು ಅದನ್ನು ಎದೆಗೆ ಅವುಚಿಕೊಂಡಳು. ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚೀಲದ ಮೇಲೆ ನಾಲ್ಕು ಹನಿ ಚಿಮುಕಿಸುವುದೆಂದು ರಾಜಿಯಾಯಿತು.

ಸ್ವಲ್ಪ ದಿನವಾದ ಮೇಲೆ ವೀಣಾ ನನ್ನ ಫೋನಿಗೆ ಆ ಅಳುವನ್ನು ಕಳಿಸಿ, "ಇನ್ನೂ ಹೊರಗೆ ಬಿಟ್ಟಿಲ್ಲಪ್ಪ, ಕೇಳಿ ಹೇಳ್ರಿ" ಎಂದು ಕಾಲೇಜಿಗೆ ಹೋದಳು. ಮೊದಲು ನನ್ನ ಹಳೆಯ ಗೆಳೆಯ ಗಾಳಿಯಂತ್ರ ಗುಂಯ್ ಎಂದಿತು. ಅದರೊಳಗಿಂದ ಅಕ್ಕನ ದನಿ, "ನನ ತಮ್ಮಾ..." ಎಂದು ಎದ್ದು ಬಂತು. ಅಬ್ಬಾ! ಈ ವಯಸ್ಸಿಗೂ ಏನು ಕಂಠ! ನನ್ನ ಎದೆ ಉಬ್ಬಿತು. ಪೂರ್ತಿ ಆಮೇಲೆ ಕೇಳೋಣ, ಮೊದಲು ನಮ್ಮವರೆಲ್ಲ ಕೇಳಲಿ ಎಂದು ನೆಂಟರ ವಾಟ್ಸಾಪ್ ಗುಂಪಿಗೆ ಅದನ್ನು ಹಾಗೇ ದಾಟಿಸಿದೆ. ಜೊತೆಗೆ ಒಂದು ಸಾಲು ಬರೆಯಬೇಕೆಂದಿದ್ದೆ. ಕನ್ನಡಕ ಸಿಗಲಿಲ್ಲ. ಫೋನನ್ನು ಕಂಬಳಿಕೋಣೆಯಲ್ಲಿ ಚಾರ್ಜಿಗೆ ಹಾಕಿ, ಬಾಗಿಲೆಳೆದುಕೊಂಡು ಕಟಿಂಗ್ ಮಾಡಿಸಿಕೊಂಡು ಬರಲು ಹೋದೆ.

ಈಗಿನ ಪದ್ಧತಿ ನಿಮಗೆ ಗೊತ್ತಲ್ಲ. ಯಾರಾದರೂ ಹೋದರೆ ಸುದ್ದಿ ಬರುವುದು ಅವರ ಫೋನಿನಿಂದಲೇ. ಮಕ್ಕಳು ಅಪ್ಪನ ಫೋನು ತೆಗೆದು, ಅದರಲ್ಲಿರುವವರಿಗೆಲ್ಲ ಒಂದೇ ಸಲ ತಿಳಿಸಿಬಿಡುತ್ತಾರೆ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವನಿಗೆ ಅದು ಯಾಕೆ ನೆನಪಾಗುತ್ತದೆ?

ಬಂದು ಸ್ನಾನ ಮಾಡಿ, ಉಂಡು, ಒಂದು ನಿದ್ದೆ ತೆಗೆದು ಜಗಲಿಯ ಮೇಲೆ ಕೂತಿದ್ದೆ. ಜವನಗೊಂಡನಹಳ್ಳಿಯ ನನ್ನ ದೊಡ್ಡಪ್ಪನ ಮಗ ಮಾಲಿಂಗಣ್ಣ ತನ್ನ ಹೆಂಡತಿಯೊಡನೆ ಗೇಟಿನ ಹತ್ತಿರ ಬಂದ. ಕೈಯಲ್ಲಿ ಬಾಳೆ ಎಲೆಯ ದೊಡ್ಡ ಪೊಟ್ಟಣ. ನನ್ನನ್ನು ಕಂಡವನೇ ಗೇಟು ಹಿಡಿದು ನಿಂತುಬಿಟ್ಟ.

"ಬರ್ರಿ, ಬರ್ರಿ, ಏನಣ್ಣ ಹೇಳ್ದೆ ಕೇಳ್ದೆ ಬಂದ್ಬಿಟ್ರಿ? ಕುಂತ್ಕಳ್ರಿ" ಅಂದೆ.

"ಯಾರಪ್ಪಾ?" ಅಂದ ಅವನು, ಸಣ್ಣ ದನಿಯಲ್ಲಿ.

"ಯಾರು ಅಂದ್ರೆ?"

"ಹೋಗಿದ್ದು ಯಾರು?"

"ಎಲ್ಲಿಗಣ್ಣ?"

ಅವನ ಹೆಂಡತಿ ನನ್ನನ್ನು ದಾಟಿಕೊಂಡು "ಶಾರದಾ!" ಎಂದು ಕೂಗುತ್ತಾ ಒಳಗೆ ಓಡಿದಳು. ಶಾರದ ಸೌಟು ಹಿಡಿದು ಎದುರಿಗೇ ಬಂದಳು. ಅವಳು ಬದುಕಿರುವುದನ್ನು ಕಂಡು ಅತ್ತಿಗೆಯ ಅಳು ಇನ್ನೂ ಜೋರಾಯಿತು. "ಹಂಗಾದ್ರೆ ವೀಣಾ ಎಲ್ಲವ್ವಾ? ಮಗೀಗೆ ಏನಾಯ್ತವ್ವಾ?" ಶಾರದ ಏನೂ ತಿಳಿಯದೆ ತಾನೂ ಅಳಲು ಶುರುಮಾಡಿದಳು. ನನಗೂ ಗಾಬರಿಯಾಯಿತು. ನಿಜವಾಗಿಯೂ ಏನೋ ಆಗಿದೆ, ನನಗೊಬ್ಬನಿಗೆ ತಿಳಿಸಿಲ್ಲ ಅನ್ನಿಸಿತು.

ಮಾಲಿಂಗಣ್ಣ ಜಗಲಿಯ ಅಂಚಿಗೆ ಕೂತು ಬೆವರೊರೆಸಿಕೊಂಡ. "ಸಿದ್ದಮ್ಮಕ್ಕ ನನ ತಮ್ಮಾ ಅಂತ ಅತ್ತೈತೆ. ನಿನ್ ಫೋನಿಂದಾನೇ ಬಂದೈತೆ. ಅಕ್ಕಯ್ಯಂಗೆ ಇರೋನು ನೀನೊಬ್ಬನೇ ತಮ್ಮ. ಫೋನ್ ಮಾಡಿದ್ರೆ ಯಾರೂ ಎತ್ತಲ್ಲ. ನಾವು ಏನಂತ ತಿಳ್ಕಬೇಕಪ್ಪ?"

"ಅಯ್ಯೋ ಅಣ್ಣ, ಅದು ಪಾಡ್‌ಕಾಸ್ಟು!"

"ಏನ್ ಕಾಸ್ಟೋ ನನಗೆ ತಿಳೀದು. ಬಸ್ಸಲ್ಲಿ ಪೂರ್ತಿ ಕೇಳ್ಕಂಡು ಬಂದ್ವಿ, ಇಬ್ರೂ ಅತ್ಕಂಡು. ಕಂಡಕ್ಟರೂ ಸಮಾಧಾನ ಮಾಡ್ದ." ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಬದುಕಿದ್ದುದಕ್ಕೆ ಅವನಿಗೆ ಸಂತೋಷವಾಗಿತ್ತು, ನಿಜ. ಆದರೆ ಅಷ್ಟು ದೂರದಿಂದ ಬಂದದ್ದು ವ್ಯರ್ಥವಾಯಿತಲ್ಲ ಎಂಬ ಸಣ್ಣ ಬೇಸರವೂ ಮುಖದಲ್ಲಿತ್ತು. ನನಗೇ ತಪ್ಪಿತಸ್ಥ ಭಾವನೆ ಬಂತು.

ಪೊಟ್ಟಣದಲ್ಲಿದ್ದದ್ದು ಹಾರ. ಸತ್ತವನಿಗೆಂದು ಕೊಂಡ ಹಾರವನ್ನು ದೇವರಿಗೆ ಹಾಕುವಂತಿಲ್ಲ, ವಾಪಸ್ಸು ಮನೆಗೆ ಒಯ್ಯುವಂತಿಲ್ಲ, ಯಾರಿಗೆಂದು ತಂದರೋ ಅವನ ಕೊರಳಿಗಂತೂ ಹಾಕುವಂತಿಲ್ಲ. ಸೇವಂತಿಗೆ ಚೆನ್ನಾಗಿತ್ತು ಬೇರೆ. ಶಾರದ ಕಾಫಿ ತಂದಳು. ಸಾವಿನ ಮನೆಗೆಂದು ಹೊರಟವರು ಅಲ್ಲಿ ಏನನ್ನೂ ಬಾಯಿಗೆ ಹಾಕಬಾರದು. ಆದರೆ ಇದು ಸಾವಿನ ಮನೆಯಲ್ಲ. ಲೋಟ ಹಿಡಿದುಕೊಂಡು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮೊದಲು ಕುಡಿದು ತೋರಿಸಿದ ಮೇಲೆ ಕುಡಿದರು.

"ಅಲ್ಲ ತಿಪ್ಪೇಶ, ನೀನು ಪೂರ್ತಿ ಕೇಳಿಲ್ವಾ?" ಅಂದ ಮಾಲಿಂಗಣ್ಣ. "ನಿನ್ ಹೆಸರೊಂದು ಬಿಟ್ಟು ಎಲ್ಲಾ ಐತಲ್ಲೋ ಅದರಾಗೆ." ಅವನೇ ತನ್ನ ಫೋನಿನಲ್ಲಿ ಹಾಕಿದ. ನನ್ನ ಜಗಲಿಯಲ್ಲಿ, ಹೊಸ ಕಟಿಂಗ್ ಮಾಡಿಸಿಕೊಂಡು ಕೂತು, ನಾನು ನನ್ನ ಸಾವಿನ ಅಳು ಕೇಳಿದೆ.

"ಊರೋರಿಗೆಲ್ಲಾ ಬಸ್ಸು ಬಂತು ಬಸ್ಸು ಬಂತು ಅಂತ ಕೂಗಿ ಹೇಳಿದೋನೇ ನನ ತಮ್ಮಾ, ನಿನ್ನ ಬಸ್ಸು ಬಂದಿದ್ದನ್ನ ಒಂದ್ ಮಾತು ಅಕ್ಕಂಗೆ ಹೇಳ್ದೆ ಹತ್ತಿ ಹೋದ್ಯಲ್ಲೋ... ಕನ್ನಡಕ ಹಣೆ ಮ್ಯಾಲಿಟ್ಕಂಡು ಮನೆಯೆಲ್ಲಾ ಹುಡುಕಿದೋನೇ... ಉಪ್ಪು ಸಾಲ್ದು ಅಂತ ಹೆಂಡ್ರ ಮ್ಯಾಲೆ ರೇಗಿ, ಉಪ್ಪೇ ಹಾಕದ ಅಕ್ಕನ ಸಾರು ಸುಮ್ನೆ ಉಂಡೋನೇ... ಮಗಳ ಸಂಗೀತ ತಿಳೀದಿದ್ರೂ ತಲೆದೂಗಿದೋನೇ... ತವರು ಅಂದ್ರೆ ಊರಲ್ಲ ಕೇರಿಯಲ್ಲ, ನಿನ್ನ ಕೆಮ್ಮು ಬಾಗ್ಲಾಗೆ ಕೇಳಿದ್ರೆ ಅದೇ ತವರು ಅಂತಿದ್ನಲ್ಲೋ ನನ ತಮ್ಮಾ..."

ಕನ್ನಡಕದ ಸಾಲಿಗೆ ಶಾರದ ನಕ್ಕಳು. ಕೆಮ್ಮಿನ ಸಾಲಿಗೆ ನನ್ನ ಕಡೆ ತಿರುಗಿ ನೋಡಿದಳು. ನನಗೆ ಕೆಮ್ಮು ಬರುವಂತಾಯಿತು, ತಡೆದುಕೊಂಡೆ.

ಆಮೇಲೆ ಶುರುವಾಯಿತು. ಬದುಕಿರುವವನಿಗೆ ಅತ್ತರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಶಾರದ. ಇಲ್ಲ, ಸತ್ತ ಸುದ್ದಿ ಸುಳ್ಳಾದವನ ಆಯಸ್ಸು ಗಟ್ಟಿ ಎಂದು ಮಾಲಿಂಗಣ್ಣ. ಹಾಲುರಾಮೇಶ್ವರಕ್ಕೆ ಹೋಗಿ ಕೈಮುಗಿದು ಬರೋಣ ಎಂದು ಶಾರದ. ಬಂದ ಗಂಡ ಹೆಂಡತಿ ಹಾರವನ್ನು ಕೆರೆಗೆ ಬಿಟ್ಟು ಊರಿಗೆ ಹೋದ ಮೇಲೂ ಇದು ಮುಗಿಯಲಿಲ್ಲ. ಸಂಜೆ ವೀಣಾ ಬಂದಾಗ ಕೇಳಿದೆ: "ಅತ್ತೆ ನನಗೇ ಅಳ್ತಾವ್ರೆ ಅಂತ ನಿಂಗೆ ಅಲ್ಲೇ ಗೊತ್ತಾಗ್ಲಿಲ್ವೇನಮ್ಮ?"

ಅವಳು ಬಿಳಿಚಿಕೊಂಡಳು. ಮತ್ತೊಮ್ಮೆ ಹಾಕಿಕೊಂಡು ಕೇಳಿದಳು. "ಅಪ್ಪ, ನಾನು ದನಿ ಕೇಳ್ತಿದ್ದೆ. ಮಾತು ಕೇಳ್ಲಿಲ್ಲ. ನೀವು ಬ್ಯಾಡ ಅಂದ್ರೆ ಇದನ್ನ ಹೊರಗೆ ಬಿಡಲ್ಲ" ಅಂದಳು.

ಬಿಡುವುದು ಬಿಡದಿರುವುದು ನನ್ನ ಚಿಂತೆಯಾಗಿರಲಿಲ್ಲ. ಆಯಸ್ಸಿನ ಚಿಂತೆಯೂ ಅಷ್ಟಾಗಿ ಇರಲಿಲ್ಲ. ನಮ್ಮ ಕಡೆ ಅಕ್ಕತಂಗಿಯರು ಒಡಹುಟ್ಟಿದವನನ್ನು ಬದುಕಿರುವಾಗಲೇ ಸತ್ತ ಅನ್ನುವುದು ಒಂದೇ ಕಾರಣಕ್ಕೆ. ಅವನ ಹಂಗು ಬೇಡ, ತವರಿನ ಋಣ ತೀರಿತು ಎಂದು ಮನಸ್ಸು ಮುರಿದಾಗ. ಅಕ್ಕ ನನ್ನನ್ನು ಬಿಟ್ಟುಬಿಟ್ಟಳೇ? ಬಿಟ್ಟವಳು ಹಾಗೆ ಹೊಗಳುತ್ತಾಳೆಯೇ ಎಂದು ನೀವು ಹೇಳಬಹುದು. ಆದರೆ ಅವಳ ಬಾಯಲ್ಲಿ ಹೊಗಳಿಸಿಕೊಳ್ಳದೆ ಮಣ್ಣಿಗೆ ಹೋದವರು ಯಾರಿದ್ದಾರೆ? ಆ ಜಿಪುಣನಿಗೂ ಅವಳು ಹಾಗೇ ಅತ್ತಿದ್ದಳು. ನನಗೆ ಅತ್ತದ್ದು ನನಗೋ, ಅವಳ ಕಸುಬಿಗೋ? ನಾನು ಏನಾದರೂ ಅಂದಿದ್ದೆನೇ, ಎಲ್ಲಾದರೂ ಅವಳನ್ನು ಮರೆತಿದ್ದೆನೇ ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಇನ್ನೂ ಕಷ್ಟವಾಯಿತು. ಊಟ ಸೇರುತ್ತಿರಲಿಲ್ಲ. ಅಕ್ಕನೊಬ್ಬಳು ಇಲ್ಲದಿದ್ದರೆ ನನ್ನನ್ನು ಲೇ ಅನ್ನುವವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ಹಾಲುರಾಮೇಶ್ವರ ಆಮೇಲೆ ನೋಡೋಣ, ಮೊದಲು ಅಕ್ಕನನ್ನೇ ಕೇಳಿಬಿಡುತ್ತೇನೆ ಎಂದು ವೀಣಾಳನ್ನು ಕರೆದುಕೊಂಡು ಹರಿಯಬ್ಬೆಯ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆಲ್ಲ ಬಾಗಿಲಲ್ಲೇ ಉದುರಿಹೋಯಿತು.

"ಅಕ್ಕ, ನಾನೇನು ಮಾಡ್ದೆ ಅಂತ ನನ್ನ ಸಾಯಿಸಿ ಅತ್ತುಬಿಟ್ಟೆ?"

ಅವಳ ಕಣ್ಣು ಅರಳಿತು. "ಕೇಳಿಸ್ಕಂಡ್ಯಾ? ಹೆಂಗೈತೆ?"

"ಹೆಂಗೈತೆ ಅಂದ್ರೆ? ಮಾಲಿಂಗಣ್ಣ ಹಾರ ತಗಂಡು ಬಂದಿದ್ದ! ನೀನು ನನ್ನ ಬಿಟ್ಟೇಬಿಟ್ಟೆ ಅಂತ ನನಗೆ ಅನ್ನ ಸೇರ್ತಿಲ್ಲ."

"ಥೂ, ನಿನ್ನ. ಬಿಟ್ಟೋರಿಗೆ ಯಾರಾದ್ರೂ ಅಷ್ಟುದ್ದ ಅಳ್ತಾರೇನಲೇ?" ಎಂದು ಕೈಯಲ್ಲಿದ್ದ ಹುಣಸೆ ಬೀಜವನ್ನು ನನ್ನ ಮೇಲೆ ಎಸೆದಳು. "ಕುಂತ್ಕ ಇಲ್ಲಿ."

ಕೂತೆ. ಅವಳು ಇನ್ನೊಂದು ಹಣ್ಣು ತೆಗೆದುಕೊಂಡಳು.

"ನೋಡು ತಿಪ್ಪೇಶ, ನಾನು ದೊಡ್ಡೋಳು. ನಾನು ಮುಂಚೆ ಹೋಗ್ತೀನಿ. ಆಮ್ಯಾಲೆ ಯಾವತ್ತೋ ನಿನ್ನ ದಿನ ಬಂದಾಗ ನಿನಗೆ ಅಳೋರು ಯಾರವ್ರೆ? ಶಾರದಂಗೆ, ಪಾಪ, ದನಿಯೇ ಇಲ್ಲ. ಈ ಹುಡುಗಿ ಗಾಳಿಯಂತ್ರ ಇಡ್ತಾಳೆ. ಊರೋರಿಗೆಲ್ಲ ಅತ್ತೋಳು, ಬೆನ್ನಿಗೆ ಹುಟ್ಟಿದೋನ್ನ ಒಂದ್ ಮಾತಿಲ್ದಂಗೆ ಕಳಿಸಾಕಾಗುತ್ತಾ? ಅವತ್ತು ಇವಳು ಆ ಡಬ್ಬಿ ತಂದ್ಲಲ್ಲ, ಕೇಳ್ದೆ, ಇದರೊಳಗೆ ಹೋಗಿದ್ದು ಎಷ್ಟು ದಿನ ಇರುತ್ತೆ ಅಂತ. ಕೆಡಲ್ಲ ಅತ್ತೆ ಅಂದ್ಲು. ಕೆಡಲ್ಲ ಅಂದ್ಮ್ಯಾಲೆ ಅತ್ತು ಇಟ್ಟೆ. ಅವತ್ತಿನ ದಿನ ಹಾಕ್ಲಿ ಅಂತ. ನೀನೇ ಅವಸರಕ್ಕೆ ಊರಿಗೆಲ್ಲಾ ಹಂಚ್ಕಂಡಿದ್ದೀಯ."

ನಾನು ಸಂತೋಷಪಡಬೇಕೇ, ಹೆದರಬೇಕೇ, ಕೋಪ ಮಾಡಿಕೊಳ್ಳಬೇಕೇ? ಉಪ್ಪಿನಕಾಯಿ ಹಾಕಿಡುವಂತೆ ನನ್ನ ಅಳುವನ್ನು ಹಾಕಿಟ್ಟು ಇವಳು ಆರಾಮಾಗಿ ಹುಣಸೆ ಬೀಜ ಬಿಡಿಸುತ್ತಿದ್ದಾಳೆ. ವೀಣಾ ಕಂಬಕ್ಕೊರಗಿ ನಿಂತು ಅತ್ತೆಯನ್ನೇ ನೋಡುತ್ತಿದ್ದಳು.

"ಹಂಗಾದ್ರೆ ನಿನಗ್ಯಾರಕ್ಕ ಅಳ್ತಾರೆ?" ಅಂದೆ.

"ನನಗಾ?" ಅವಳ ಕೈ ನಿಲ್ಲಲಿಲ್ಲ. "ಹಾಡಾಡ್ಕಂಡು ಅಳೋರು ಈ ಊರಾಗೆ ಈಗ ಯಾರವ್ರೆ? ನಾನೇ ಕಡೇಳು. ಸೊಸೆ ಮೊಮ್ಮಕ್ಕಳು ಕಣ್ಣೀರು ಹಾಕ್ತವೆ, ಸಾಕು. ಅಲ್ಲದೆ ಹೋದೋರಿಗೆ ಅದೆಲ್ಲ ಕೇಳುಸ್ತೈತೇನೋ? ನಾನು ಅಷ್ಟು ಜನಕ್ಕೆ ಅತ್ತೀನಿ, ಚೆನ್ನಾಗಿ ಅತ್ತೆ ಕಣೇ ಅಂತ ಒಬ್ರೂ ಎದ್ದು ಹೇಳಿಲ್ಲ."

ಎಂದು ನಕ್ಕಳು. ನನಗೆ ನಗು ಬರಲಿಲ್ಲ. "ಅಕ್ಕಾ" ಎಂದು ಶುರುಮಾಡಿದೆ. ಅವಳು ನೀರು ಹೊತ್ತದ್ದು, ಸೆರಗು, ಮುದ್ದೆ, ಎಲ್ಲ ಒಟ್ಟಿಗೆ ನುಗ್ಗಿ ಬಂದು ಒಂದೂ ಹೊರಗೆ ಬರಲಿಲ್ಲ. "ಅಕ್ಕಾ... ಅಕ್ಕಾ..." ಎಂದು ಅಷ್ಟನ್ನೇ ಅಂದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ರಾಗವಿಲ್ಲ, ಪದವಿಲ್ಲ, ಮೂಗು ಸುರಿಯುತ್ತಿತ್ತು. ಅಕ್ಕನ ಸೊಸೆ ಅಡುಗೆಮನೆಯಿಂದ ಇಣುಕಿ ನೋಡಿ ಹಿಂದಕ್ಕೆ ಸರಿದಳು.

ಅಕ್ಕ ಸುಮ್ಮನಿರು ಎಂದು ಹೇಳಲಿಲ್ಲ. ತಲೆ ಸವರಲೂ ಇಲ್ಲ. ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು, ತಲೆ ಒಂದು ಕಡೆ ವಾಲಿಸಿ, ನಾನು ಮುಗಿಸುವವರೆಗೂ ಕೇಳಿದಳು. ಆಮೇಲೆ ವೀಣಾಳ ಕಡೆ ತಿರುಗಿದಳು.

"ಹಿಡ್ಕಂಡ್ಯೇನೇ?"

ವೀಣಾ ಕಣ್ಣೊರೆಸಿಕೊಂಡಳು. "ಇಲ್ಲ ಅತ್ತೆ. ಇವತ್ತು ಮಿಷನ್ನೇ ತಂದಿಲ್ಲ."

"ಹೋಗ್ಲಿ ಬಿಡು" ಅಂದಳು ಅಕ್ಕ. "ನಾನು ಕೇಳಿಸ್ಕಂಡೆ."